ಬ್ರೋಕರ್ ಹೆಸರಿಗೆ ಎಗ್ರಿಮೆಂಟ್ ಬರೆದುಕೊಡಬೇಡಿ: ನಮ್ಮ ಉರ್ವದ ಮನೆ ಮಾರುವಾಗ ಆದದ್ದು

ಮಂಗಳೂರು, ಉಡುಪಿ ಕಡೆ ಹಳೇ ಮನೆ ಮಾರಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಲ್ಲೋ ಇದ್ದು, ವಯಸ್ಸಾದವರು ಮಾತ್ರ ಊರಲ್ಲಿದ್ದರೆ ಖಂಡಿತ ಓದಿ. ಕೆಟ್ಟ ಬ್ರೋಕರ್‌ಗಳು ಮೊದಲು ಹುಡುಕಿಕೊಂಡು ಬರುವುದು ಅಂಥ ಮನೆಗಳಿಗೇ.

ನಮ್ಮದು ಮಂಗಳೂರು ಪೇಟೆಯ ಉರ್ವದ ಒಳರಸ್ತೆಯಲ್ಲಿ 10 ಸೆಂಟ್ಸ್ ಜಾಗ (ನೂರು ಸೆಂಟ್ಸ್ ಅಂದರೆ ಒಂದು ಎಕರೆ). ಹಂಚಿನ ಮನೆ, ಒಂದು ಬಾವಿ, ನಾಲ್ಕು ತೆಂಗಿನಮರ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಉಡುಪಿಗೆ ನಮ್ಮ ಮನೆಗೆ ಬಂದರು. ಅಣ್ಣ ಶಾರ್ಜಾದಲ್ಲಿದ್ದಾನೆ. ಖಾಲಿ ಬಿಟ್ಟರೆ ಮಳೆಗಾಲಕ್ಕೆ ಹಂಚಿನ ಮಾಡು (ಛಾವಣಿ) ಉಳಿಯುವುದಿಲ್ಲ, ಮಾರುವುದೇ ಒಳ್ಳೆಯದು ಎಂದು ಮೂವರೂ ಮಾತಾಡಿಕೊಂಡೆವು. ಸಂಬಂಧಿಕರೊಬ್ಬರು ಒಬ್ಬ ಬ್ರೋಕರನ್ನು ಕಳಿಸಿಕೊಟ್ಟರು. ಹೆಸರು ಬರೆಯುವುದಿಲ್ಲ. ಹೆಸರಿಗಿಂತ ಆತ ಮಾಡಿದ ರೀತಿ ಗೊತ್ತಾಗುವುದು ಮುಖ್ಯ.

ಬಂದವನು ಮೊದಲು ಕೇಳಿದ್ದು, "ಅಮ್ಮ, ನಿಮ್ಮ ಕೈಗೆ ಎಷ್ಟು ಸಿಗಬೇಕು ಹೇಳಿ. ಉಳಿದದ್ದು ನನಗೆ ಬಿಟ್ಟುಬಿಡಿ."

ಕೇಳಲು ಎಷ್ಟು ಚಂದ, ಅಲ್ವಾ? ಇದಕ್ಕೆ ನೆಟ್ ರೇಟ್ ಅನ್ನುತ್ತಾರೆ. ಮಾರುವವರು ಒಂದು ರೇಟ್ ಹೇಳಬೇಕು. ಅದರ ಮೇಲೆ ಎಷ್ಟು ಬಂದರೂ ಬ್ರೋಕರ್‌ಗೆ. ಕೊಳ್ಳುವವರಿಗೆ ಆ ರೇಟ್ ಗೊತ್ತಾಗಬಾರದು. ಮಾರುವವರಿಗೆ ಕೊಳ್ಳುವವರು ಕೊಡುವ ಹಣ ಗೊತ್ತಾಗಬಾರದು. ಹಾಗಾಗಿ ಎರಡು ಮನೆಯವರು ಒಂದೇ ಜಗಲಿಯಲ್ಲಿ ಕೂತು ಮಾತಾಡದ ಹಾಗೆ ನೋಡಿಕೊಳ್ಳುವುದೇ ಆತನ ದೊಡ್ಡ ಕೆಲಸ. ಮುಂದೆ ನಡೆದದ್ದೆಲ್ಲ ಇದೊಂದರಿಂದ ಹುಟ್ಟಿದ್ದು.

ಅಮ್ಮ ಸೆಂಟ್ಸಿಗೆ 8 ಲಕ್ಷ ಎಂದರು. ಅಕ್ಕಪಕ್ಕದಲ್ಲಿ ಅದಕ್ಕಿಂತ ಕಡಿಮೆಗೆ ಹೋದದ್ದಿರಲಿಲ್ಲ. ಆತ ತಲೆಯಾಡಿಸಿ ಮನೆಯ ಕೀ ತೆಗೆದುಕೊಂಡು ಹೋದ. ಆಮೇಲೆ ಫೋನ್ ಮಾಡಿದಾಗೆಲ್ಲ ಒಂದೊಂದು ತೊಡಕು ಹೇಳಲು ಶುರು ಮಾಡಿದ. ರಸ್ತೆ ಸಣ್ಣದಾಯ್ತು. ಮನೆ ಹಳೇದು, ಒಡೆಯಲಿಕ್ಕೇ ಖರ್ಚು ಉಂಟು. ಕೊನೆಗೆ, "ಇದು ಮೂಲಗೇಣಿ ಜಾಗ ಅಂತ ಪಾರ್ಟಿ ಹೆದರುತ್ತಾರೆ ಅಮ್ಮ."

ಈ ಮೂಲಗೇಣಿ ವಿಷಯ ಮಂಗಳೂರಿನವರಿಗೆ ಬೇಗ ಹೆದರಿಕೆ ಹುಟ್ಟಿಸುತ್ತದೆ. ಪೇಟೆಯೊಳಗೆ ಅಂಥ ಜಾಗ ತುಂಬಾ ಇವೆ. ಮನೆ ನಮ್ಮದು, ತಲೆಮಾರಿನಿಂದ ನಾವೇ ಇದ್ದೇವೆ, ಆದರೆ ದಾಖಲೆಯಲ್ಲಿ ಮೂಲ ಒಡೆಯ ಬೇರೆ. ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾನೂನನ್ನು ರಾಜ್ಯ ಸರಕಾರ 2011ರಲ್ಲಿ ತಂದಿತು. ಆದರೂ ಗೊಂದಲ ಪೂರ್ತಿ ಹೋಗಿಲ್ಲ. ಆ ಗೊಂದಲವೇ ಬ್ರೋಕರ್‌ಗೆ ಬಂಡವಾಳ. ಅಪ್ಪನ ಕ್ರಯಪತ್ರ ತೆಗೆದು ವಕೀಲರಿಗೆ ತೋರಿಸಿದೆ. ನಮ್ಮದು ಮೂಲಗೇಣಿಯೇ ಅಲ್ಲ. ವರ್ಗದ ಜಾಗ, ಅಂದರೆ ಪೂರ್ತಿ ಸ್ವಂತ ಒಡೆತನದ್ದು.

ಅಷ್ಟರಲ್ಲಿ ಆತ ನಾನು ಆಫೀಸಿಗೆ ಹೋದ ಹೊತ್ತು ನೋಡಿ ಉಡುಪಿಗೆ ಬಂದು, ಅಮ್ಮನಿಂದ ಎಗ್ರಿಮೆಂಟ್‌ಗೆ, ಅಂದರೆ ಮಾರಾಟದ ಕರಾರಿಗೆ, ಸಹಿ ಹಾಕಿಸಿಕೊಂಡು ಹೋಗಿದ್ದ. 1 ಲಕ್ಷ ಅಡ್ವಾನ್ಸ್. ಸೆಂಟ್ಸಿಗೆ 7 ಲಕ್ಷ. ಆರು ತಿಂಗಳ ಅವಧಿ. ಕೊಳ್ಳುವವನ ಜಾಗದಲ್ಲಿ ಆತನದೇ ಹೆಸರು, ಪಕ್ಕದಲ್ಲಿ "ಅಥವಾ ಅವರು ಸೂಚಿಸುವ ವ್ಯಕ್ತಿಯ ಹೆಸರಿಗೆ" ಎಂಬ ಸಾಲು. "ಸುಮ್ನೆ ಒಂದು ಭದ್ರತೆಗೆ ಅಮ್ಮ, ಇಲ್ಲದಿದ್ದರೆ ಪಾರ್ಟಿ ನಂಬುವುದಿಲ್ಲ" ಎಂದಿದ್ದನಂತೆ.

ಆ ಒಂದು ಸಾಲನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆತನಿಗೆ ಮನೆ ಕೊಳ್ಳುವ ಉದ್ದೇಶವೇ ಇಲ್ಲ. 1 ಲಕ್ಷ ಹಾಕಿ ಆರು ತಿಂಗಳು ಮನೆಯನ್ನು ಹಿಡಿದಿಟ್ಟುಕೊಳ್ಳುತ್ತಾನೆ. ಜಾಸ್ತಿಗೆ ಗಿರಾಕಿ ಸಿಕ್ಕರೆ ಅವರ ಹೆಸರನ್ನು ಸೂಚಿಸಿ ನಮ್ಮಿಂದಲೇ ನೇರ ರಿಜಿಸ್ಟ್ರಿ ಮಾಡಿಸುತ್ತಾನೆ. ನಡುವಿನ ಹಣ ಆತನದು. ಗಿರಾಕಿ ಸಿಗದಿದ್ದರೆ ಅವಧಿ ಮುಂದುವರಿಸಿ ಎಂದು ಕೂರುತ್ತಾನೆ. ಬೇರೆಯವರಿಗೆ ಮಾರಲು ಹೋದರೆ ಕೋರ್ಟು, ಸ್ಟೇ ಎಂದು ಹೆದರಿಸುತ್ತಾನೆ.

ರಿಜಿಸ್ಟರ್ ಆಗದ ಕಾಗದ, ಏನೂ ಆಗುವುದಿಲ್ಲ ಎಂದು ಕೆಲವರು ಧೈರ್ಯ ಹೇಳಿದರು. ವಕೀಲರು ಒಪ್ಪಲಿಲ್ಲ. ನೋಂದಣಿಯಾಗದ ಕರಾರನ್ನೇ ಹಿಡಿದು, ಅದರ ಪ್ರಕಾರ ಮಾರಿಕೊಡಬೇಕು ಎಂದು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಬಹುದು. ಕರಾರಿನಲ್ಲಿ ಬರೆದ ಗಡುವಿನಿಂದ ಮೂರು ವರ್ಷದವರೆಗೆ ಅದಕ್ಕೆ ಅವಕಾಶ ಇದೆ. ಅಪ್ಪನ ಆಸ್ತಿಯಾದ್ದರಿಂದ ಅಮ್ಮ, ಅಣ್ಣ, ನಾನು ಮೂವರೂ ಹಕ್ಕುದಾರರು. ಇಬ್ಬರ ಸಹಿ ಇಲ್ಲ. ಆದರೂ ಅಮ್ಮನ ಪಾಲಿನ ಮಟ್ಟಿಗೆ ತೊಂದರೆ ಕೊಡಲು ಆತನಿಗೆ ದಾರಿ ಉಂಟು ಎಂದರು.

ಅಣ್ಣನ ಸಹಿಗೂ ಆತ ಪ್ರಯತ್ನ ಮಾಡಿದ್ದ. "ನೀವು ಬಂದು ಹೋಗುವ ಖರ್ಚು ಯಾಕೆ, ನನ್ನ ಹೆಸರಿಗೆ ಜಿಪಿಎ ಕಳಿಸಿ" ಎಂದು ಶಾರ್ಜಾಕ್ಕೆ ಫೋನ್. ಜಿಪಿಎ ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರಪತ್ರ. ಅಣ್ಣ ಕಡ್ಡಿ ಮುರಿದ ಹಾಗೆ ಇಲ್ಲ ಎಂದ. ಗಲ್ಫ್‌ನಲ್ಲಿರುವವರು ಇದನ್ನು ಗಟ್ಟಿಯಾಗಿ ಹಿಡಿಯಿರಿ. ಮಾರುವ ಅಧಿಕಾರದ ಜಿಪಿಎ ಬ್ರೋಕರ್‌ಗೆ ಕೊಟ್ಟರೆ ಮನೆ ಆತನ ಕೈಗೆ ಕೊಟ್ಟ ಹಾಗೆಯೇ. ಮನೆಯವರ ಹೆಸರಿಗೆ ಮಾತ್ರ ಕೊಡಿ. ಅಣ್ಣ ನನ್ನ ಹೆಸರಿಗೆ ಮಾಡಿ, ದುಬೈಯ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಆ ಕೆಲಸ ಆಗುತ್ತದೆ.

ಇಷ್ಟಾಗಿಯೂ ದೊಡ್ಡ ಮೋಸ ನಮಗೆ ಗೊತ್ತಿರಲಿಲ್ಲ. ಒಂದು ಭಾನುವಾರ ಅಮ್ಮನನ್ನು ಕರೆದುಕೊಂಡು ಉರ್ವದ ಮನೆಗೆ ಹೋಗಿದ್ದೆ. ತೆಂಗಿನಕಾಯಿ ತೆಗೆಸುವುದಿತ್ತು. ಗೇಟಿನ ಹತ್ತಿರ ಪುತ್ತೂರು ಕಡೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ ನಿಂತಿದ್ದರು. ನಾವು ಪಕ್ಕದ ಮನೆಯವರು ಎಂದು ತಿಳಿದು ಮೇಷ್ಟ್ರ ಹೆಂಡತಿ ಕೇಳಿದರು, "ಈ ಮನೆಯವರು ಊರಿಗೆ ಬರುವುದು ಯಾವಾಗ? ನಾವು 5 ಲಕ್ಷ ಟೋಕನ್ ಕೊಟ್ಟು ಕೂತಿದ್ದೇವೆ ಮಾರಾಯ್ರೆ."

ಅವರಿಗೆ ಹೇಳಿದ ರೇಟ್ ಸೆಂಟ್ಸಿಗೆ 9 ಲಕ್ಷ. ನಮ್ಮ ಕಾಗದದಲ್ಲಿ 7. ಹತ್ತು ಸೆಂಟ್ಸಿಗೆ 20 ಲಕ್ಷದ ಅಂತರ. ಅದರ ಮೇಲೆ ಎರಡೂ ಕಡೆಯಿಂದ 2 ಪರ್ಸೆಂಟ್ ಕಮಿಷನ್ ಬೇರೆ ಮಾತಾಡಿದ್ದ. ನಮ್ಮ ಜೊತೆ ಮಾತಾಡಬೇಕು ಎಂದು ಮೇಷ್ಟ್ರು ಕೇಳಿದಾಗೆಲ್ಲ ಆತ ಹೇಳಿದ್ದು: ಮಗ ಗಲ್ಫ್‌ನಲ್ಲಿ, ಅಣ್ಣ ತಂಗಿಗೆ ಜಗಳ, ತಾಯಿಗೆ ಮರೆವು, ನೀವು ಫೋನ್ ಮಾಡಿದರೆ ಕೆಲಸ ಕೆಟ್ಟುಹೋಗುತ್ತದೆ.

ಅಮ್ಮ ಅಲ್ಲೇ ನಿಂತು ಕೇಳಿಸಿಕೊಂಡರು. ಆ ಮನೆಯ ಬಾವಿ ತೋಡಿದ ವರ್ಷ, ಹಂಚು ಬದಲಿಸಿದ ಖರ್ಚು, ಅಪ್ಪ ಕಟ್ಟಿದ ಸಾಲದ ಕಂತು, ಎಲ್ಲ ಬಾಯಲ್ಲೇ ಹೇಳುವ ಹೆಂಗಸು ಅವರು. ಹಣದ ವಿಷಯ ಬಿಡಿ. ಊರೆಲ್ಲ ಹೋಗಿ ತಾಯಿಗೆ ಮರೆವು ಎಂದು ಹೇಳಿ ಬಂದವನನ್ನು ನಾನು ಕ್ಷಮಿಸುವುದಿಲ್ಲ.

ಮೇಷ್ಟ್ರು ಸುಮ್ಮನೆ ಹಣ ಕೊಟ್ಟವರಲ್ಲ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ದರು. ಅದರಲ್ಲಿ ಸಾಲ ಇಲ್ಲ, ಬೇರೆ ವ್ಯವಹಾರ ಇಲ್ಲ, ಎಲ್ಲ ಚೊಕ್ಕ. ಆದರೆ ಇಸಿಯಲ್ಲಿ ಕಾಣುವುದು ನೋಂದಣಿಯಾದ ಪತ್ರ ಮಾತ್ರ. ಅಮ್ಮನಿಂದ ಬರೆಸಿಕೊಂಡ ಎಗ್ರಿಮೆಂಟ್ ನೋಂದಣಿಯಾಗದ್ದು, ಅದು ಅಲ್ಲಿ ಬರುವುದೇ ಇಲ್ಲ. ಅದಕ್ಕೇ ಕೊಳ್ಳುವವರು ಇಸಿ ನೋಡಿ ಸಮಾಧಾನ ಪಡಬಾರದು. ಮಾಲೀಕರನ್ನು ಎದುರಿಗೆ ಕೂರಿಸಿಕೊಂಡು, ಈ ಮನೆಯ ಮೇಲೆ ಯಾರಿಗಾದರೂ ಕರಾರು ಬರೆದುಕೊಟ್ಟಿದ್ದೀರಾ ಎಂದು ಬಾಯಿಬಿಟ್ಟು ಕೇಳಬೇಕು. ಮಾಲೀಕರು ವಿದೇಶದಲ್ಲಿದ್ದರೆ ವಿಡಿಯೋ ಕಾಲ್ ಮಾಡಿ. ಅದಕ್ಕೆ ಬ್ರೋಕರ್ ಅಡ್ಡ ಬಂದರೆ ಒಂದು ರೂಪಾಯಿ ಕೊಡದೆ ಎದ್ದು ಬನ್ನಿ.

ಟೋಕನ್ ವಿಷಯ ಇನ್ನೂ ಬೇಜಾರಿನದು. 5 ಲಕ್ಷದಲ್ಲಿ 2 ಲಕ್ಷ ಬ್ಯಾಂಕಿನಿಂದ ಹೋಗಿತ್ತು. 3 ಲಕ್ಷ ಕ್ಯಾಶ್, ಆತನೇ ಕೇಳಿ ತೆಗೆದುಕೊಂಡದ್ದು. ರಸೀದಿ ಇಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸನ್ನು ಕ್ಯಾಶ್ ಆಗಿ ತೆಗೆದುಕೊಳ್ಳಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಂದರೆ ನಿಮ್ಮ ಹೆಸರಲ್ಲಿ ಬ್ರೋಕರ್ ಕ್ಯಾಶ್ ಎತ್ತಿಕೊಂಡು ಬಂದರೆ ಮಾರುವ ನಿಮಗೂ ತಲೆನೋವು.

ಇನ್ನೊಂದು ವಿಷಯವನ್ನೂ ಆತ ಅವರಿಂದ ಮುಚ್ಚಿಟ್ಟಿದ್ದ. ಮಗ ಗಲ್ಫ್‌ನಲ್ಲಿ ಎಂದಿದ್ದ, ಅದರಿಂದ ತೆರಿಗೆ ಬದಲಾಗುತ್ತದೆ ಎಂದು ಹೇಳಿರಲಿಲ್ಲ. ಮನೆ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಕೊಡುವ ಹಣದಲ್ಲೇ 1 ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿದು ಸರಕಾರಕ್ಕೆ ಕಟ್ಟಬೇಕು. ಇದು ಊರಲ್ಲೇ ಇರುವ ಮಾಲೀಕರ ಲೆಕ್ಕ. ಅನಿವಾಸಿಯ ಪಾಲಿಗೆ ನಿಯಮ ಬೇರೆ, ದರ ಜಾಸ್ತಿ, 50 ಲಕ್ಷದ ಮಿತಿಯೂ ಇಲ್ಲ. ಹಿಡಿಯದಿದ್ದರೆ ಆ ಹೊರೆ ಕೊಳ್ಳುವವರ ಮೇಲೆ ಬರುತ್ತದೆ. ನಮ್ಮ ಜಿಲ್ಲೆಗಳಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ರಿಜಿಸ್ಟ್ರಿಗೆ ಮೊದಲೇ ಒಬ್ಬ ಸಿಎ ಹತ್ತಿರ ಹೋಗಿ.

ಹಳ್ಳಿ ಕಡೆ ಜಾಗ ಕೊಳ್ಳುವವರಿಗೆ ಒಂದು ಮಾತು, ಯಾಕೆಂದರೆ ಇದೇ ಬ್ರೋಕರ್ ಹಿರಿಯಡ್ಕ ಕಡೆ ನಮ್ಮ ಪರಿಚಯದವರಿಗೆ ಕುಮ್ಕಿ ಜಾಗ ತೋರಿಸಿದ್ದ ಎಂದು ಆಮೇಲೆ ಗೊತ್ತಾಯಿತು. ಬೇಲಿಯೊಳಗೆ 40 ಸೆಂಟ್ಸ್, ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) 22. ಉಳಿದದ್ದು ಕುಮ್ಕಿ. ಕುಮ್ಕಿ ಎಂದರೆ ಸರಕಾರದ ಜಾಗ, ಪಕ್ಕದ ವರ್ಗದಾರರಿಗೆ (ವರ್ಗ ಜಾಗದ ಒಡೆಯರಿಗೆ) ಸೊಪ್ಪು ಸೌದೆಯಂಥ ಅನುಕೂಲಕ್ಕೆ ಬಿಟ್ಟದ್ದು. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಬೇಲಿ ನೋಡಿ ದುಡ್ಡು ಕೊಡಬೇಡಿ. ಸರ್ವೆ ಮಾಡಿಸಿ, ಆರ್‌ಟಿಸಿಯಲ್ಲಿ ಇರುವಷ್ಟಕ್ಕೆ ಮಾತ್ರ ಕೊಡಿ.

ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡಬಹುದಲ್ಲ ಎಂದು ತುಂಬಾ ಜನ ಕೇಳಿದರು. ರೇರಾದಲ್ಲಿ ನೋಂದಣಿಯಾದ ಫ್ಲ್ಯಾಟು, ಲೇಔಟು ಮಾರಿಸುವ ಏಜೆಂಟ್ ಅಲ್ಲಿ ನೋಂದಣಿ ಮಾಡಿಸಿರಬೇಕು. ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೋಡಬಹುದು. ಬಿಡಿ ಮನೆಯನ್ನು ಒಬ್ಬರಿಂದ ಒಬ್ಬರಿಗೆ ಮಾರಿಸುವ ಬ್ರೋಕರ್‌ಗೆ ಆ ನಿಯಮ ಅನ್ವಯಿಸುವುದಿಲ್ಲ. ನಮ್ಮಂಥವರಿಗೆ ಉಳಿಯುವುದು ಪೊಲೀಸ್ ಠಾಣೆ ಮತ್ತು ಸಿವಿಲ್ ಕೋರ್ಟು.

ನಾವು ಮತ್ತು ಮೇಷ್ಟ್ರು ಒಟ್ಟಿಗೇ ಠಾಣೆಗೆ ಹೋದೆವು. ಒಟ್ಟಿಗೆ ಹೋದದ್ದರಿಂದಲೇ ಕೆಲಸ ಆಯಿತು ಎಂದು ನನ್ನ ನಂಬಿಕೆ. ಆತ ನಮಗೊಂದು, ಅವರಿಗೊಂದು ಹೇಳುವ ಅವಕಾಶ ಅಲ್ಲಿ ಇರಲಿಲ್ಲ. ಆತ ಅಮ್ಮನಿಗೆ ಕೊಟ್ಟಿದ್ದ 1 ಲಕ್ಷವನ್ನು ನಾವು ಬ್ಯಾಂಕ್ ಮೂಲಕವೇ ವಾಪಸ್ ಕಳಿಸಿದೆವು. ಕರಾರು ರದ್ದಾಯಿತು ಎಂದು ವಕೀಲರ ಎದುರು ಬರೆಸಿ, ಸಹಿ ಹಾಕಿಸಿಕೊಂಡು, ಮೂಲ ಕಾಗದ ಹಿಂದೆ ಪಡೆದೆವು. ಬಾಯಿಮಾತಿನ ರದ್ದಿಗೆ ಒಪ್ಪಬೇಡಿ. ಅಡ್ವಾನ್ಸ್ ಹಿಂದೆ ಕೊಟ್ಟದ್ದಕ್ಕೆ ದಾಖಲೆ ಇರಲೇಬೇಕು. ಮನೆಗೆ ಬೀಗವನ್ನೂ ಬದಲಿಸಿದೆವು.

ಮನೆಯನ್ನು ಕೊನೆಗೆ ಮೇಷ್ಟ್ರಿಗೇ ಕೊಟ್ಟೆವು. ನಮ್ಮ ಜಗಲಿಯಲ್ಲಿ ಕೂತು, ಅಮ್ಮ ಮೊದಲು ಹೇಳಿದ 8 ಲಕ್ಷಕ್ಕೇ ಮಾತಾಯಿತು. ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ) ಮಾಡಿಸುತ್ತೇನೆ ಎಂದು ಬ್ರೋಕರ್ ನಮ್ಮಿಂದ ದುಡ್ಡು ತೆಗೆದುಕೊಂಡಿದ್ದ, ಅರ್ಜಿಯನ್ನೇ ಹಾಕಿರಲಿಲ್ಲ. ಅದನ್ನು ನಾವೇ ಮಾಡಿಸಿದೆವು. ರಿಜಿಸ್ಟ್ರಿ ದಿನ ಅಮ್ಮ ತಾವೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಹೆಬ್ಬೆಟ್ಟು, ಫೋಟೋ ಕೊಟ್ಟು ಹೋದರು.

ಮೇಷ್ಟ್ರ 2 ಲಕ್ಷ ಅವರ ಖಾತೆಗೆ ಬಂತು. ಕ್ಯಾಶ್ ಕೊಟ್ಟ 3 ಲಕ್ಷ ಬಂದಿಲ್ಲ. ನಾನು ತೆಗೆದುಕೊಂಡೇ ಇಲ್ಲ ಎನ್ನುತ್ತಾನೆ. ಅವರ ಹತ್ತಿರ ಇರುವುದು "3 ತಲುಪಿತು ಸರ್" ಎಂಬ ಒಂದು ವಾಟ್ಸಾಪ್ ಮೆಸೇಜ್. ಅದನ್ನು ಹಿಡಿದೇ ದೂರು ಮುಂದುವರಿಸಿದ್ದಾರೆ. ನಮ್ಮ ಹೇಳಿಕೆಯನ್ನೂ ಕೊಟ್ಟಿದ್ದೇವೆ.

ನಿಮ್ಮ ಮನೆಯಲ್ಲಿ ಹಿರಿಯರು ಬ್ರೋಕರ್ ಹೆಸರಿಗೆ ಈಗಾಗಲೇ ಇಂಥ ಕಾಗದಕ್ಕೆ ಸಹಿ ಹಾಕಿದ್ದರೆ ಅವರ ಮೇಲೆ ರೇಗಬೇಡಿ. ಅದರ ಪ್ರತಿ ಕೇಳಿ ಪಡೆಯಿರಿ, "ಸೂಚಿಸುವ ವ್ಯಕ್ತಿ" ಎಂಬ ಮಾತು ಇದೆಯಾ ನೋಡಿ, ಗಡುವು ಯಾವತ್ತಿಗೆ ಮುಗಿಯುತ್ತದೆ ನೋಡಿ. ಅವಧಿ ಮುಂದುವರಿಸುವ ಸಹಿ ಕೇಳಲು ಆತ ಬರುವ ಮೊದಲೇ ವಕೀಲರಿಗೆ ತೋರಿಸಿ.