ಬ್ಲೌಸ್ ಹೊಲಿಯುವವಳ ಕೀಪ್ಯಾಡ್ ಫೋನ್: ಎರಡೂವರೆ ತಿಂಗಳು ಬಳಸಿದ ಮೇಲೆ

ಬಿ.ಡಿ. ರಸ್ತೆಯ ಅಂಗಡಿಯೊಂದರಲ್ಲಿ 1,450 ರೂಪಾಯಿ ಕೊಟ್ಟು ತಗೊಂಡೆ. 2ಜಿ ಸೆಟ್ಟು. ಬಟನ್, ಟಾರ್ಚ್, ಎಫ್‌ಎಂ ಇದೆ, ಇಂಟರ್ನೆಟ್ ಇಲ್ಲ. ನನಗೆ ಬೇಕಾಗಿದ್ದೂ ಅದೇ.

ನಾನು ಚಿತ್ರದುರ್ಗದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಡಿಸೈನ್ ನೋಡೋಣ ಅಂತ ದೊಡ್ಡ ಫೋನ್ ತೆಗೆಯುವುದು, ಒಂದು ಬ್ಯಾಕ್ ನೆಕ್ ನೋಡುವುದು, ಅಲ್ಲಿಂದ ಅಡುಗೆ ರೀಲ್ಸ್, ಅಲ್ಲಿಂದ ಯಾರದೋ ಸೀಮಂತ, ಇನ್ಯಾರದೋ ಜಗಳ, ತಲೆ ಎತ್ತಿದರೆ ಮಕ್ಕಳು ಸ್ಕೂಲಿಂದ ಬರುವ ಹೊತ್ತಾಗಿರುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ ದಿನಕ್ಕೆ 6 ಗಂಟೆ 40 ನಿಮಿಷ! ಟೈಮರ್ ಹಾಕಿದೆ. ಟೈಮ್ ಮುಗಿದರೆ ಆ್ಯಪ್ ಬೂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಆ ಟೈಮರ್ ತೆಗೆಯುವುದೂ ನಮ್ಮ ಕೈಯಲ್ಲೇ ಇದೆಯಲ್ವಾ? ತೆಗೆದು ಮತ್ತೆ ನೋಡುತ್ತಿದ್ದೆ.

ಒಂದು ಮದುವೆ ಬ್ಲೌಸ್ ಒಪ್ಪಿಕೊಂಡಿದ್ದೆ. ಧಾರೆಯ ಹಿಂದಿನ ದಿನ ಹುಡುಗಿಯ ಅಮ್ಮ ಬಂದಾಗ ಇನ್ನೂ ತೋಳು ಕೂಡಿಸಿರಲಿಲ್ಲ. ಅವರು ಬೈಯಲಿಲ್ಲ. ಮಷೀನ್ ಪಕ್ಕ ಕುರ್ಚಿ ಎಳೆದುಕೊಂಡು, ನಾನು ಹುಕ್ಸ್ ಹಾಕಿ ಮುಗಿಸುವ ತನಕ, ರಾತ್ರಿ ಹನ್ನೊಂದರವರೆಗೆ ಸುಮ್ನೆ ಕೂತಿದ್ದರು. ಮಾರನೇ ವಾರ ಈ ಫೋನ್ ಬಂತು.

ಮೊದಲ ಹತ್ತು ದಿನ ಕಷ್ಟ, ಸುಳ್ಳು ಹೇಳಲ್ಲ. ಕರೆಂಟ್ ಹೋದ ಕೂಡಲೇ ಕೈ ಫೋನ್ ಹುಡುಕುತ್ತಿತ್ತು. ಒಂದು ಸಲ ನೋಡಿಕೊಂಡರೆ ಹೆಬ್ಬೆರಳು ಕತ್ತರಿ ಹಿಡಿಯ ಮೇಲೆ ಕೆಳಗಿಂದ ಮೇಲಕ್ಕೆ ಉಜ್ಜುತ್ತಿದೆ. ಭಯ ಆಯಿತು. ಇದೇ ಫೋನಿಂದ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ನಿಮಗೂ ಕೈ ಮೀರಿದೆ ಅನಿಸಿದರೆ ನಾಚಿಕೆ ಬೇಡ, ಮಾಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಫೋನ್, ಇಂಟರ್ನೆಟ್ ಚಟಕ್ಕಂತಲೇ 2014ರಿಂದ ಒಂದು ಕ್ಲಿನಿಕ್ ನಡೆಯುತ್ತಿದೆ ಅಂದರೆ, ಇದು ನನ್ನೊಬ್ಬಳ ಸೋಮಾರಿತನ ಅಲ್ಲ ತಾನೇ?

ಹೊಲಿಯುವಾಗ ಬಾಬಿನ್ ದಾರ ಮುಗಿದರೆ ಮಷೀನ್ ನಿಲ್ಲಿಸಲೇಬೇಕು. ರೀಲ್ಸ್‌ಗೆ ಬಾಬಿನ್ನೇ ಮುಗಿಯಲ್ಲ. 2006ರಲ್ಲಿ ಈ ಮುಗಿಯದ ಸ್ಕ್ರೋಲ್ ಮಾಡಿದ ಅಜಾ ರಸ್ಕಿನ್ ಅವರೇ ಆಮೇಲೆ ಇದಕ್ಕೆ ಪಶ್ಚಾತ್ತಾಪ ಪಟ್ಟಿದ್ದಾರೆ. ಈ ಕೀಪ್ಯಾಡ್ ಫೋನ್‌ನಲ್ಲಿ ಮೆಸೇಜ್ ನೋಡಿದರೆ ಮುಗಿಯಿತು, ಮುಂದೆ ಏನೂ ಇಲ್ಲ.

ಚಾರ್ಜ್ ಆರಾಮಾಗಿ ನಾಲ್ಕು ದಿನ ಬರುತ್ತದೆ. ನಮ್ಮ ಆಕಾಶವಾಣಿ 102.6 ಚೆನ್ನಾಗಿ ಕೇಳುತ್ತದೆ, ಕೇಳುತ್ತಾ ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ಒಟಿಪಿ, ದುಡ್ಡು ಬಂದ ಮೆಸೇಜ್ ಇದಕ್ಕೇ ಬರುತ್ತವೆ. ಕ್ಯೂಆರ್ ಗೋಡೆ ಮೇಲಿದೆ, ಆದ್ದರಿಂದ ಗಿರಾಕಿಗಳಿಗೆ ತೊಂದರೆ ಇಲ್ಲ. ಸೌಂಡ್ ಪೂರ್ತಿ ಕೊಟ್ಟರೆ ಸ್ಪೀಕರ್ ಒಡೆದಂಗೆ ಆಗುತ್ತದೆ. ಮೆಸೇಜ್ ಟೈಪ್ ಮಾಡುವುದಂತೂ ದೊಡ್ಡ ಕೆಲಸ, ಅದಕ್ಕೆ ಈಗ ಎಲ್ಲರಿಗೂ ಕರೆಯೇ ಮಾಡುತ್ತೇನೆ.

ದೊಡ್ಡ ಫೋನ್ ಪೂರ್ತಿ ಬಿಟ್ಟಿಲ್ಲ. ಗಿರಾಕಿಗಳು ಡಿಸೈನ್ ಕಳಿಸುವುದು ವಾಟ್ಸಾಪ್‌ನಲ್ಲೇ. ಅದು ಬೀರುವಿನಲ್ಲಿ ಇರುತ್ತದೆ, ಸಂಜೆ ಏಳಕ್ಕೆ ತೆಗೆದು, ಫೋಟೋ ನೋಡಿ, ನೋಟ್‌ಬುಕ್ಕಿನಲ್ಲಿ ಕತ್ತಿನ ಆಕಾರ ಬರೆದುಕೊಂಡು ಏಳೂವರೆಗೆ ಒಳಗಿಡುತ್ತೇನೆ. ಎರಡು ದಿನ ತಪ್ಪಿದ್ದೇನೆ. ಒಂದು ದಿನ ಒಂಬತ್ತೂವರೆ ಆಗಿತ್ತು. ಈಗ ಬೀಗದ ಕೈ ಅತ್ತೆ ಹತ್ತಿರ ಇದೆ.

ತಗೊಳ್ಳುವವರು ಒಂದು ನೋಡಿಕೊಳ್ಳಿ. ಜಿಯೋ ಸಿಮ್ 2ಜಿ ಸೆಟ್ಟಿನಲ್ಲಿ ನಡೆಯಲ್ಲ, ನಾನು ಹಾಕಿರುವುದು ಏರ್‌ಟೆಲ್. 4ಜಿ ಕೀಪ್ಯಾಡ್ ತಗೊಂಡರೆ ಒಳಗೆ ಏನೇನಿದೆ ಅಂತ ಅಂಗಡಿಯಲ್ಲೇ ತೆಗೆಸಿ ನೋಡಿ, ಈಗ ಕೆಲವದರಲ್ಲಿ ಯೂಟ್ಯೂಬ್ ಶಾರ್ಟ್ಸ್ ಕೂಡ ಬರುತ್ತದೆ. ಅಂಗಡಿ ಹುಡುಗ ನನಗೂ "ಅಕ್ಕಾ, ಇನ್ನೊಂದು ಸಾವಿರ ಹಾಕಿ, ವಿಡಿಯೋ ಬರೋದೇ ಕೊಡ್ತೀನಿ" ಅಂದಿದ್ದ. ಬೇಡಪ್ಪ, ಬರದೇ ಇರೋದೇ ಕೊಡು ಅಂದೆ.