ಮನೆಗೊಂದು ಲ್ಯಾಪ್‌ಟಾಪ್: ತಳ ಬಿಚ್ಚಿದರೆ ಸ್ಲಾಟ್ ಸಿಕ್ಕಿದ್ದೇ ಗೆದ್ದಿತು

ಮನೆಬಳಕೆಗೆ ಅಂತ ಹೋಲಿಸಿ ನೋಡಿದ ಮೂರು ಲ್ಯಾಪ್‌ಟಾಪುಗಳಲ್ಲಿ ಗೆದ್ದದ್ದು ನೋಡಲು ಎಲ್ಲಕ್ಕಿಂತ ಸಪ್ಪೆಯಾದದ್ದು: ಇಂಟೆಲ್ ಕೋರ್ ಐ3-1215ಯು ಪ್ರೊಸೆಸರ್, ಕೆಲಸದ ಮೆಮೊರಿ ಅಂದರೆ 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ (ಫೈಲು ಉಳಿಸುವ ಜಾಗ), ಬೂದು ಪ್ಲಾಸ್ಟಿಕ್ ಮೈ, 15.6 ಇಂಚಿನ ಸ್ಕ್ರೀನು. ಅದರ ಎದುರಿಗಿದ್ದದ್ದು ರೈಝನ್ 3 7320ಯು ಇರುವ ತೆಳ್ಳನೆಯ ಬೆಳ್ಳಿ ಬಣ್ಣದ್ದು. ಕೈಗೆತ್ತಿಕೊಂಡರೆ ಇದೇ ಬೇಕು ಅನ್ನಿಸುತ್ತದೆ. ಮೂರನೆಯದು ಸೆಲೆರಾನ್ ಎನ್4500, 4 ಜಿಬಿ ರ‍್ಯಾಮಿನ ಕ್ರೋಮ್‌ಬುಕ್. ಅದು ಓಡುವುದು ವಿಂಡೋಸಿನಲ್ಲಲ್ಲ, ಗೂಗಲ್ಲಿನ ಕ್ರೋಮ್ ಓಎಸ್‌ನಲ್ಲಿ. ದಾವಣಗೆರೆಯ ಅಂಗಡಿಗಳಲ್ಲಿ ಮೊದಲೆರಡಕ್ಕೆ 35ರಿಂದ 40 ಸಾವಿರ, ಕ್ರೋಮ್‌ಬುಕ್ಕಿಗೆ 20ರಿಂದ 25 ಸಾವಿರ ಅಂತ ಲೆಕ್ಕ ಇಟ್ಟುಕೊಂಡು ಹೊರಡಿ. ಮೆಮೊರಿ ಚಿಪ್ಪಿನ ಬೆಲೆ ಏರಿದ ಮೇಲೆ ಈ ರೇಟು ಮೆಕ್ಕೆಜೋಳದ ರೇಟಿನ ಹಾಗೆ ಆಗಿದೆ, ಹೋದ ವಾರದ್ದು ಈ ವಾರ ಇರುವುದಿಲ್ಲ.

ಮೂರಕ್ಕೂ ಕೊಟ್ಟ ಕೆಲಸ ಒಂದೇ. ಬೆಳಿಗ್ಗೆ ಮಕ್ಕಳ ಪಾಠದ ವಿಡಿಯೊ, ಮಧ್ಯಾಹ್ನ ಬ್ಯಾಂಕು, ಪಹಣಿ, ಸೇವಾ ಸಿಂಧು ಅರ್ಜಿ, ನಡುವೆ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಒಂದೆರಡು ಪತ್ರ, ರಾತ್ರಿ ಅಂಗಡಿಯ ಟ್ಯಾಲಿ ಲೆಕ್ಕ. ಗೇಮಿಲ್ಲ, ವಿಡಿಯೊ ಎಡಿಟಿಂಗ್ ಇಲ್ಲ.

ಪ್ರೊಸೆಸರ್ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಇಷ್ಟು ಕೆಲಸಕ್ಕೆ ಮೊದಲೆರಡೂ ಸಾಕು. ಆದರೆ ಹೆಸರಿನಲ್ಲಿ ಎರಡು ಗುಂಡಿಗಳಿವೆ, ನೋಡಿಕೊಂಡು ಕಾಲಿಡಿ. ರೈಝನ್ 7320ಯು ಅಂದಾಗ 7 ಅಂದರೆ ಏಳನೇ ತಲೆಮಾರು ಅಂತ ಅಂಗಡಿಯವರು ಹೇಳುತ್ತಾರೆ. ಆ 7 ಬರೀ 2023ರ ಸಾಲಿನದು ಅನ್ನುವ ಗುರುತು. ನೋಡಬೇಕಾದದ್ದು ಮೂರನೇ ಅಂಕಿ: ಅಲ್ಲಿ 2 ಇದ್ದರೆ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, 3 ಇದ್ದರೆ ಝೆನ್ 3. ಹೀಗಾಗಿ 7520ಯುಗೂ 7530ಯುಗೂ ಹತ್ತೇ ಅಂಕಿ ವ್ಯತ್ಯಾಸ ಕಂಡರೂ ಒಳಗಿನ ಸರಕೇ ಬೇರೆ. ಇಂಟೆಲ್ ಕಡೆಯ ಗುಂಡಿ ಐ3-ಎನ್305. ಅದೂ ಐ3ಯೇ, ಆದರೆ ಎಂಟೂ ಸಣ್ಣ ಕೋರುಗಳು (ಕೋರು ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ). 1215ಯುನಲ್ಲಿ ಎರಡು ದೊಡ್ಡ ಕೋರು, ನಾಲ್ಕು ಸಣ್ಣ ಕೋರು ಇವೆ. ಪುಟ ತೆರೆಯುವಾಗ, ಫೈಲ್ ಒತ್ತಿದಾಗ ಚುರುಕು ಕಾಣುವುದು ಆ ಎರಡು ದೊಡ್ಡವುಗಳಿಂದ.

ಈಗ ತಲೆನೋವಿನ ವಿಷಯ, ರ‍್ಯಾಮ್.

ಈ ಬಜೆಟ್ಟಿನಲ್ಲಿ ಮೊದಲು ಸಾಲದೆ ಬರುವುದು ಮೆಮೊರಿ. 8 ಜಿಬಿ ಅಂತ ಡಬ್ಬಿಯ ಮೇಲಿದ್ದರೂ ಅಷ್ಟೂ ನಮ್ಮ ಕೈಗೆ ಬರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಸ್ಕ್ರೀನಿಗೆ ಬೇಕಾದ ಮೆಮೊರಿಯೂ ಇದರಲ್ಲೇ ಪಾಲು ಕೇಳುತ್ತದೆ. ರೈಝನ್ನಿನಲ್ಲಿ ಆ ಪಾಲನ್ನು ಮೊದಲೇ ಎತ್ತಿಟ್ಟಿರುತ್ತಾರೆ, ಆದ್ದರಿಂದ ವಿಂಡೋಸ್ ಏಳು ಚಿಲ್ಲರೆ ಜಿಬಿಯನ್ನಷ್ಟೇ ತೋರಿಸುವುದುಂಟು. ವಿಂಡೋಸ್ 11 ಎದ್ದು ಕೂತು, ಕಂಪನಿ ತುಂಬಿ ಕಳಿಸಿದ ಟ್ರಯಲ್ ಆಂಟಿವೈರಸ್ಸೂ ಎದ್ದರೆ ಮೂರು-ನಾಲ್ಕು ಜಿಬಿ ಅಲ್ಲಿಗೇ ಹೋಯಿತು. ಮೇಲೆ ಕ್ರೋಮಿನಲ್ಲಿ ಹತ್ತು ಟ್ಯಾಬ್, ಒಂದು ವಿಡಿಯೊ ಕ್ಲಾಸು, ಹಿಂದೆ ಟ್ಯಾಲಿ. ಮೆಮೊರಿ ತುಂಬಿತು ಅಂದರೆ ವಿಂಡೋಸ್ ಎಸ್‌ಎಸ್‌ಡಿಯನ್ನೇ ಮೆಮೊರಿಯ ಹಾಗೆ ಬಳಸಲು ಶುರುಮಾಡುತ್ತದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ರ‍್ಯಾಮಿನ ಹತ್ತಿರಕ್ಕೂ ಬರುವುದಿಲ್ಲ. ಟ್ಯಾಬ್ ಬದಲಿಸಿದಾಗ ಎರಡು-ಮೂರು ಸೆಕೆಂಡ್ ಬಿಳಿ ಪುಟ, ಟೈಪ್ ಮಾಡಿದ ಅಕ್ಷರ ತಡವಾಗಿ ಬೀಳುವುದು, ವಿಡಿಯೊದಲ್ಲಿ ಮೇಷ್ಟ್ರ ಮಾತು ತುಂಡು ತುಂಡಾಗುವುದು, ಎಲ್ಲ ಇದರ ಫಲ. ಬೆಳ್ಳಿ ಬಣ್ಣದ್ದೂ ಬೂದು ಬಣ್ಣದ್ದೂ 8 ಜಿಬಿಯಲ್ಲಿ ಎಡವಿದ್ದು ಇಲ್ಲೇ.

ವ್ಯತ್ಯಾಸ ಇರುವುದು ಆಮೇಲೆ ಏನು ಮಾಡಬಹುದು ಅನ್ನುವುದರಲ್ಲಿ. 7320ಯು ಕೆಲಸ ಮಾಡುವುದು ಎಲ್‌ಪಿಡಿಡಿಆರ್5 ಮೆಮೊರಿ ಜೊತೆ ಮಾತ್ರ, ಆ ಚಿಪ್ಪುಗಳನ್ನು ಮದರ್‌ಬೋರ್ಡಿಗೆ ನೇರ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ 8 ಇದ್ದರೆ ಗುಜರಿಗೆ ಹಾಕುವ ದಿನವೂ 8. ಆದರೂ ಕೌಂಟರಿನಲ್ಲಿ ಕೇಳಿದರೆ, “ಹಾಕ್ಬೌದ್ರಿ ಸಾರ್, ಹದಿನಾರರ ತನಕ ಹಾಕ್ಬೌದು” ಅನ್ನುವ ಉತ್ತರ ಬರುತ್ತದೆ. ಸುಳ್ಳು ಹೇಳಬೇಕು ಅಂತಲ್ಲ. ಅದೇ ಮಾಡೆಲ್ಲಿನಲ್ಲಿ 16 ಜಿಬಿ ಬೆಸುಗೆ ಹಾಕಿದ್ದೂ ಮಾರಾಟಕ್ಕಿರುತ್ತದೆ, ಮಾಡೆಲ್ಲಿನ ವಿವರದಲ್ಲಿ “ಗರಿಷ್ಠ 16” ಅಂತ ಅಚ್ಚಾಗಿರುತ್ತದೆ. ಓದುವವರು ಅದನ್ನು ಆಮೇಲೂ ಹಾಕಿಸಬಹುದು ಅಂತ ತಿಳಿಯುತ್ತಾರೆ.

ಅಂಗಡಿಯಲ್ಲೇ ಪತ್ತೆ ಮಾಡುವ ದಾರಿ ಇದೆ. ಡೆಮೊಗೆ ಇಟ್ಟ ಪೀಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್ ಒತ್ತಿ, ಮೆಮೊರಿ ಒತ್ತಿ, ಬಲಗಡೆ ಕೆಳಗೆ ನೋಡಿ. ‘ಫಾರ್ಮ್ ಫ್ಯಾಕ್ಟರ್’ ಎದುರಿಗೆ ‘ಸೋಡಿಮ್’ ಅಂತಿದ್ದರೆ ಬಿಚ್ಚಿ ಹಾಕುವ ರ‍್ಯಾಮ್ ಪಟ್ಟಿ, ಅದು ಕೂರುವ ಜಾಗವೇ ಸ್ಲಾಟ್. ‘ರೋ ಆಫ್ ಚಿಪ್ಸ್’ ಅಂತಿದ್ದರೆ ಬೆಸುಗೆ. ಪಕ್ಕದ ‘ಸ್ಲಾಟ್ಸ್ ಯೂಸ್ಡ್’ ಅನ್ನುವುದನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಬೆಸುಗೆ ಹಾಕಿದ ಚಿಪ್ಪುಗಳನ್ನೂ ಅದು ಕೆಲವು ಸಲ ಸ್ಲಾಟ್ ಅಂತಲೇ ಎಣಿಸುತ್ತದೆ. ‘ಹಾರ್ಡ್‌ವೇರ್ ರಿಸರ್ವ್ಡ್’ ಅಂತ ಇನ್ನೊಂದು ಸಾಲಿದೆ, ಮೊದಲೇ ಎತ್ತಿಟ್ಟ ಪಾಲು ಎಷ್ಟು ಅನ್ನುವುದು ಅಲ್ಲೇ ಕಾಣುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವವರು ಕಂಪನಿಯ ಸ್ವಂತ ತಾಣದಲ್ಲಿ ಪೂರ್ತಿ ಮಾಡೆಲ್ ನಂಬರ್ ಹಾಕಿ ನೋಡಬೇಕು. ಕೊನೆಯ ಎರಡು ಅಕ್ಷರ ಬೇರೆಯಾದರೆ ಒಳಗಿನ ಬೋರ್ಡೂ ಬೇರೆ ಇರಬಹುದು. ಮೆಮೊರಿಯ ಹೆಸರು ‘ಎಲ್‌ಪಿ’ ಅಂತ ಶುರುವಾದರೆ ಬೆಸುಗೆ ಅಂದುಕೊಳ್ಳಿ. ಬರೀ ‘ಡಿಡಿಆರ್4’ ಅಂತಿದ್ದರೂ ‘ಆನ್‌ಬೋರ್ಡ್’ ಅನ್ನುವ ಪದ ಇದೆಯೇ ಹುಡುಕಿ, ಇದ್ದರೆ ಅದೂ ಬೆಸುಗೆ. ಐ3-1215ಯು ಅಂದ ಮಾತ್ರಕ್ಕೆ ಸ್ಲಾಟ್ ಗ್ಯಾರಂಟಿ ಅಲ್ಲ, ಅದರಲ್ಲೂ ಪೂರ್ತಿ ಬೆಸುಗೆಯವು ಇವೆ. ಇಲ್ಲಿ ಗೆದ್ದದ್ದರಲ್ಲಿ 8 ಜಿಬಿ ಪಟ್ಟಿ ಒಂದಿತ್ತು, ಪಕ್ಕದಲ್ಲಿ ಖಾಲಿ ಸ್ಲಾಟ್ ಇತ್ತು.

ಹಾಕುವ ಕೆಲಸ ಅರ್ಧ ಗಂಟೆಯದು. ಡಿಡಿಆರ್4 ಪಟ್ಟಿಗೆ 260 ಪಿನ್, ಡಿಡಿಆರ್5ಗೆ 262. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಹಳೆಯದರ ಸ್ಟಿಕರ್ ನೋಡಿಯೇ ತನ್ನಿ. 3200 ಅಂತಿದ್ದರೆ 3200 ವೇಗದ್ದೇ ಸರಿ. ಅಡಾಪ್ಟರ್ ಕಿತ್ತು, ಪೂರ್ತಿ ಶಟ್‌ಡೌನ್ ಮಾಡಿ ಬೋರಲು ಹಾಕಿ, ತಳದ ಸ್ಕ್ರೂ ಬಿಚ್ಚಿ. ಕೆಲವಕ್ಕೆ ರಬ್ಬರ್ ಕಾಲಿನ ಅಡಿಯಲ್ಲೂ ಎರಡು ಸ್ಕ್ರೂ ಅಡಗಿರುತ್ತವೆ. ಎಲ್ಲ ಬಿಚ್ಚಿಯೂ ತಳ ಏಳದಿದ್ದರೆ ಬಲ ಹಾಕುವ ಮುಂಚೆ ಅಲ್ಲಿ ಮುಟ್ಟಿ ನೋಡಿ. ಲೋಹದ ಸ್ಕ್ರೂಡ್ರೈವರ್ ತುದಿಯಿಂದ ಮೀಟಿದರೆ ಪ್ಲಾಸ್ಟಿಕ್ ಕೊಕ್ಕೆ ಮುರಿಯುತ್ತವೆ, ಹಳೆಯ ಎಟಿಎಂ ಕಾರ್ಡ್ ಸಾಕು. ತಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿ. ಇದನ್ನು ಬಿಟ್ಟರೆ ಶಾರ್ಟ್ ಆಗುವ ಅಪಾಯ. ಪಟ್ಟಿಯನ್ನು ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ ತೂರಿಸಿ, ಚಿನ್ನದ ಬಣ್ಣದ ಹಲ್ಲುಗಳು ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಕ್ ಅನ್ನುತ್ತವೆ. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಗೇ ಇರಬಹುದು. ಹೊಸ ಮೆಮೊರಿಯನ್ನು ಬೋರ್ಡು ಅಳೆದು ನೋಡುತ್ತಿರುತ್ತದೆ, ಗಾಬರಿಯಾಗಿ ಪವರ್ ಒತ್ತಿ ಹಿಡಿಯಬೇಡಿ. ಎರಡು ಪಟ್ಟಿ ಕೂತರೆ ಮೆಮೊರಿ ಎರಡು ಚಾನೆಲ್ಲಿನಲ್ಲಿ ಓಡುವುದರಿಂದ ಗ್ರಾಫಿಕ್ಸಿಗೂ ಲಾಭ.

ಇಷ್ಟೆಲ್ಲ ಕೈ ಹಾಕುವ ಧೈರ್ಯ ಇಲ್ಲದವರು ಕೊಳ್ಳುವಾಗಲೇ ಅಂಗಡಿಯವರಿಂದ ಹಾಕಿಸಿ, ಅದೇ ಬಿಲ್ಲಿನಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು. ಈಗ ರ‍್ಯಾಮ್ ದುಬಾರಿ ಅನ್ನಿಸಿದರೆ ಒಂದು ವರ್ಷ 8ರಲ್ಲೇ ದೂಡಬಹುದು. ಖಾಲಿ ಸ್ಲಾಟ್ ಇರುವವರಿಗೆ ಕಾಯುವ ಅನುಕೂಲವಾದರೂ ಇದೆ.

ಕ್ರೋಮ್‌ಬುಕ್ಕಿನ ಕಥೆ ಬೇರೆ. ಅದರ ಹಗುರ ವ್ಯವಸ್ಥೆಗೆ 4 ಜಿಬಿ ಒಂದು ಮಟ್ಟಿಗೆ ಸಾಲುತ್ತದೆ, ಏಳೆಂಟು ಟ್ಯಾಬಿನ ತನಕ ತಕರಾರಿಲ್ಲ. ಆನ್ ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ತಯಾರು. ಫ್ಯಾನೇ ಇಲ್ಲ, ಸದ್ದಿಲ್ಲ, ಬ್ಯಾಟರಿ ಮೂರರಲ್ಲೇ ಹೆಚ್ಚು ಬರುತ್ತದೆ. 2021ರಿಂದ ಈಚಿನ ಮಾಡೆಲ್ಲುಗಳಿಗೆ ಗೂಗಲ್ ಹತ್ತು ವರ್ಷ ಅಪ್‌ಡೇಟ್ ಕೊಡುತ್ತದೆ. ಆ ಹತ್ತು ವರ್ಷದ ಎಣಿಕೆ ನೀವು ಕೊಂಡ ದಿನದಿಂದಲ್ಲ, ಆ ಮಾಡೆಲ್ಲಿನ ಬೋರ್ಡು ಮಾರುಕಟ್ಟೆಗೆ ಬಂದಾಗಿನಿಂದ. ಹಳೆ ಸ್ಟಾಕ್ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗುವ ಮುಂಚೆ ಸೆಟ್ಟಿಂಗ್ಸಿನಲ್ಲಿ ಕೊನೆಯ ದಿನಾಂಕ ನೋಡಿ.

ಅದು ಸೋತದ್ದು ನುಡಿಯಲ್ಲಿ. ನುಡಿ ತಂತ್ರಾಂಶ, ಟ್ಯಾಲಿ ಎರಡೂ ವಿಂಡೋಸಿನವು. ಹೊಸದಾಗಿ ಯೂನಿಕೋಡಿನಲ್ಲಿ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬರೆಯುವುದಾದರೆ ಕ್ರೋಮ್‌ಬುಕ್ಕಿನಲ್ಲೂ ಕನ್ನಡ ಬರುತ್ತದೆ. ಆದರೆ ಶಾಲೆ, ಪಂಚಾಯ್ತಿ, ವಕೀಲರ ಕಚೇರಿಗಳಲ್ಲಿ ಹತ್ತು-ಹದಿನೈದು ವರ್ಷದಿಂದ ಕೂಡಿಟ್ಟ ಫೈಲುಗಳಲ್ಲಿ ಬಹಳಷ್ಟು ಹಳೆಯ ನುಡಿ ಫಾಂಟಿನವು. ಅವುಗಳ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಕನ್ನಡವಾಗಿ ತೋರಿಸುವುದು ಆ ಫಾಂಟು. ಫಾಂಟಿಲ್ಲದ ಕಡೆ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು. ವಿಂಡೋಸಿನಲ್ಲಿ ಫಾಂಟ್ ಹಾಕಿಕೊಂಡರೆ ಮುಗಿಯಿತು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಕ್ರೋಮ್‌ಬುಕ್ಕನ್ನು ಮರೆತುಬಿಡಿ. ಹಳೆಯ ಯುಎಸ್‌ಬಿ ಪ್ರಿಂಟರ್ ಇರುವವರು ಕೊಳ್ಳುವ ಮುಂಚೆ ಜೋಡಿಸಿ ಪರೀಕ್ಷಿಸಿ.

ಅಂದಹಾಗೆ ವಿಂಡೋಸ್ 11ರಲ್ಲಿ ನುಡಿ ಇಲ್ಲದೆಯೂ ಕನ್ನಡ ಬರೆಯಬಹುದು. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಲ್ಯಾಂಗ್ವೇಜ್ ಅಂಡ್ ರೀಜನ್‌ಗೆ ಹೋಗಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ‘ಕನ್ನಡ ಫೊನೆಟಿಕ್’ ಕೀಬೋರ್ಡ್ ಹಾಕಿಕೊಳ್ಳಿ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ಸ್ಕ್ರೀನು ಮೂರರದ್ದೂ ಸಾಧಾರಣ. ಕ್ರೋಮ್‌ಬುಕ್ಕಿನದು 1366×768 ಚುಕ್ಕಿಗಳದ್ದು (ಪಿಕ್ಸೆಲ್), ಅದರಲ್ಲಿ ಸಣ್ಣ ಅಕ್ಷರದ ಒತ್ತುಗಳು ಕಲಸಿಹೋಗುತ್ತವೆ. ‘ರಾಷ್ಟ್ರ’ದ ಕೆಳಗಿನ ಎರಡು ಒತ್ತು ಒಂದೇ ಮುದ್ದೆ. ಇಂಗ್ಲಿಷ್ ಓದುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ಕನ್ನಡ ಓದುವವರು 1920×1080ಕ್ಕಿಂತ ಕೆಳಗೆ ಇಳಿಯಲೇಬಾರದು. ಗೆದ್ದದ್ದರ ಸ್ಕ್ರೀನು ಬದಿಯಿಂದ ನೋಡಿದರೆ ಬಣ್ಣ ಸುಟ್ಟ ಹಾಗಾಗುತ್ತದೆ, ನಾಲ್ಕು ಜನ ಕೂತು ಸಿನಿಮಾ ನೋಡುವುದಕ್ಕೆ ಲಾಯಕ್ಕಿಲ್ಲ. ಈ ವಿಷಯದಲ್ಲಿ ಬೆಳ್ಳಿ ಬಣ್ಣದ್ದೇ ಮೇಲು.

ಧೂಳು, ಬಿಸಿಲು ನಮ್ಮೂರಲ್ಲಿ ಕೇಳಬೇಕೇ. ಫ್ಯಾನ್ ಇರುವ ಲ್ಯಾಪ್‌ಟಾಪ್ ತಳದಿಂದ ಗಾಳಿ ಎಳೆಯುತ್ತದೆ, ಹಾಸಿಗೆಯ ಮೇಲಿಟ್ಟರೆ ಉಸಿರು ಕಟ್ಟುತ್ತದೆ. ಮಂಡಕ್ಕಿ ಭಟ್ಟಿಯ ಆಸುಪಾಸಿನ ಮನೆಗಳಲ್ಲಿ ಮಸಿಯೂ ಸೇರಿ ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ತಳ ತೆಗೆದು, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಬ್ರಷ್ಷಿನಿಂದ ತೆಗೆಯಿರಿ. ಅಲ್ಲಿಯವರಿಗೆ ಫ್ಯಾನಿಲ್ಲದ ಕ್ರೋಮ್‌ಬುಕ್ ನಿಜಕ್ಕೂ ಸುಖ.

ಕರೆಂಟ್ ಹೋದಾಗ ಮೂರೂ ಬ್ಯಾಟರಿಯಲ್ಲಿ ನಡೆಯುತ್ತವೆ, ವೈಫೈ ರೌಟರ್ ನಡೆಯುವುದಿಲ್ಲ. ಅದಕ್ಕೊಂದು ಸಣ್ಣ 12 ವೋಲ್ಟಿನ ಯುಪಿಎಸ್ ಇಟ್ಟುಕೊಳ್ಳಿ. ಲೋಹದ ಮೈಯವು ಚಾರ್ಜಿಗೆ ಹಾಕಿದಾಗ ಕೈಗೆ ಜುಮ್ ಅಂದರೆ ಮನೆಯ ಅರ್ತಿಂಗ್ ಸರಿ ಇಲ್ಲದಿರಬಹುದು; ಲ್ಯಾಪ್‌ಟಾಪ್ ವಾಪಸ್ ಒಯ್ಯುವ ಮುಂಚೆ ಎಲೆಕ್ಟ್ರಿಷಿಯನ್ನಿಗೆ ತೋರಿಸಿ.

ವಿಂಡೋಸ್ ಯಾವುದನ್ನೇ ಕೊಂಡರೂ ಮೊದಲ ದಿನ ಒಂದು ಕೆಲಸ ಬಾಕಿ ಇಡಬೇಡಿ. ಹೊಸ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿ ಒಳಗೆ ಹೋದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುವುದುಂಟು, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ. ಮುಂದೊಂದು ದಿನ ಬಯೋಸ್ (ಆನ್ ಮಾಡಿದಾಗ ಮೊದಲು ಏಳುವ ತಂತ್ರಾಂಶ) ಅಪ್‌ಡೇಟ್ ಆದ ಮೇಲೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಆ ಖಾತೆಯಲ್ಲಿರುತ್ತದೆ. ಅಂಗಡಿಯ ಹುಡುಗ ಅವಸರದಲ್ಲಿ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಫೋಟೊ, ಫೈಲು ಎಲ್ಲ ಹೋದ ಹಾಗೇ. ನಿಮ್ಮದೇ ಖಾತೆ ಹಾಕಿ, ಕೀಯನ್ನು ಕಾಗದದ ಮೇಲೆ ಬರೆದು ಮನೆಪತ್ರದ ಜೊತೆ ಇಡಿ.

ಮನೆಯಲ್ಲಿ ಮೂರು ಜನ ಹಂಚಿಕೊಳ್ಳುವುದು, ಐದಾರು ವರ್ಷ ಓಡಿಸುವುದು, ನುಡಿ ಮತ್ತು ಟ್ಯಾಲಿ ಬಿಡುವ ಹಾಗಿಲ್ಲ ಅನ್ನುವುದಾದರೆ ಬೂದು ಪ್ಲಾಸ್ಟಿಕ್ಕಿನದೇ. ಒಬ್ಬರೇ ಬಳಸುವುದು, ದಿನಾ ಬ್ಯಾಗಿನಲ್ಲಿ ಹೊತ್ತು ಕಾಲೇಜಿಗೆ ಹೋಗುವುದು ಅನ್ನುವವರು ಬೆಳ್ಳಿ ಬಣ್ಣದ್ದನ್ನೇ 16 ಜಿಬಿಯಲ್ಲಿ ಸಿಕ್ಕರೆ ಮಾತ್ರ ತಗೊಳ್ಳಲಿ, 8ರಲ್ಲಿ ಬೇಡ. ಬಜೆಟ್ 25 ಸಾವಿರ ದಾಟುವುದಿಲ್ಲ, ಪಾಠ ಮತ್ತು ಯೂಟ್ಯೂಬ್ ಸಾಕು ಅಂದರೆ ಕ್ರೋಮ್‌ಬುಕ್. ಅದೇ ದುಡ್ಡಿಗೆ ಸಿಗುವ 4 ಜಿಬಿಯ ವಿಂಡೋಸ್ ಲ್ಯಾಪ್‌ಟಾಪಿನ ಕಡೆ ತಿರುಗಿಯೂ ನೋಡಬೇಡಿ.

‘ಆನ್‌ಸೈಟ್ ವಾರಂಟಿ’ (ಮನೆಗೇ ಬಂದು ರಿಪೇರಿ) ಅಂತ ಇದ್ದರೆ ನಿಮ್ಮ ಪಿನ್‌ಕೋಡಿಗೆ ಅದು ಅನ್ವಯಿಸುತ್ತದೆಯೇ ಅಂತ ಕಂಪನಿಯ ಸಹಾಯವಾಣಿಗೇ ಫೋನ್ ಮಾಡಿ ಕೇಳಿ. ಜಗಳೂರು, ಚನ್ನಗಿರಿ ಕಡೆಯವರಂತೂ ಕೇಳಲೇಬೇಕು. ಬಿಲ್ಲಿನಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರಿನ ಕೆಳಗೆ, ಹಾಕಿಸಿದ ರ‍್ಯಾಮಿನ ನಂಬರನ್ನೂ ಬರೆಸಿಕೊಳ್ಳಿ.