ಹಳೆಯ ಮಿಯಾಟಾಕ್ಕೆ ಕೋನಿ ಶಾಕ್ ಅಬ್ಸಾರ್ಬರ್
1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಮಿಯಾಟಾ ಸ್ಪೋರ್ಟ್ಸ್ ಕಾರಿನ ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿಯುವ) ಸಸ್ಪೆನ್ಷನ್ ಇದ್ದು, ಮೂಲ ವಿನ್ಯಾಸವೇ ಉತ್ತಮವಾಗಿರುವುದರಿಂದ, ರಸ್ತೆಯಲ್ಲಷ್ಟೇ ಓಡಿಸುವವರು ದುಬಾರಿ ಕಾಯಿಲೋವರ್‌ಗಳಿಗೆ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ, ಕಾರಿನ ಎತ್ತರ ಹೊಂದಿಸಬಹುದಾದ ಜೋಡಣೆ) ಹಣ ಸುರಿಯಬೇಕಾಗಿಲ್ಲ. ನಾನು ಮೊದಲು ಹಾಕಿಸಿದ್ದ ಅಗ್ಗದ ಕಾಯಿಲೋವರ್‌ಗಳು ಕಾರನ್ನು ಅತಿಯಾಗಿ ತಗ್ಗಿಸಿದ್ದರಿಂದ, ಸಣ್ಣ ಗುಂಡಿಗೂ ಸಸ್ಪೆನ್ಷನ್ ತನ್ನ ಚಲನೆಯ ಕೊನೆಯಲ್ಲಿ ತಡೆಯುವ ಬಂಪ್‌ಸ್ಟಾಪ್‌ಗೆ ಬಡಿಯುತ್ತಿತ್ತು.

ಈಗ ಕೋನಿ ಕಂಪನಿಯ ಹಳದಿ ಶಾಕ್ ಅಬ್ಸಾರ್ಬರ್‌ಗಳನ್ನು ಮೂಲ ಸ್ಪ್ರಿಂಗ್‌ಗಳೊಂದಿಗೇ ಅಳವಡಿಸಿದ್ದೇನೆ. ಅದುಮಿದ ಸ್ಪ್ರಿಂಗ್ ಮರಳಿ ಹಿಗ್ಗುವ ವೇಗವನ್ನು ನಿಯಂತ್ರಿಸುವ ರಿಬೌಂಡ್ ಅನ್ನು ಇವುಗಳಲ್ಲಿ ಹೊಂದಿಸಿಕೊಳ್ಳಬಹುದಾಗಿದ್ದು, ಏರಿಳಿತದ ರಸ್ತೆಯಲ್ಲಿ ಕಾರು ತೂಗಾಡುವುದು ನಿಂತಿದೆ. ನಿತ್ಯದ ಓಡಾಟಕ್ಕೆ ಮೃದು ಹೊಂದಿಕೆಯೇ ಸಾಕೆಂಬುದು ನನ್ನ ಅಭಿಪ್ರಾಯ. ಆದರೆ ಸಸ್ಪೆನ್ಷನ್ ತೋಳುಗಳ ಕೀಲುಗಳಲ್ಲಿರುವ, ಮೂವತ್ತು ವರ್ಷ ಸವೆದ ರಬ್ಬರ್ ಬುಷ್‌ಗಳನ್ನು ಬದಲಿಸದಿದ್ದರೆ ಈ ಖರ್ಚಿನ ಫಲ ಅರ್ಧಕ್ಕೇ ನಿಲ್ಲುತ್ತದೆ. ಆ ಬುಷ್‌ಗಳ ಬೋಲ್ಟ್‌ಗಳನ್ನು ಕಾರಿನ ಭಾರ ಚಕ್ರಗಳ ಮೇಲಿರುವಾಗಲೇ ಕೊನೆಯದಾಗಿ ಬಿಗಿಯಬೇಕು.